ಅಸ್ವಸ್ಥರ ಪ್ರಾರ್ಥನೆಯಲ್ಲಿ ಒಂದು ನದಿ

ನಮ್ಮ ಕನ್ನಡ ಸಭೆಗೆ ಸ್ವಂತ ಚರ್ಚಿಲ್ಲ. ಕಲ್ಯಾಣದ ಮರಾಠಿ ಸಭೆಯವರ ಆರಾಧನೆ, ಊಟ, ಮಧ್ಯಾಹ್ನದ ನಿದ್ದೆ ಎಲ್ಲ ಮುಗಿದ ಮೇಲೆ, ಭಾನುವಾರ ಸಂಜೆ ನಾಲ್ಕರ ಹೊತ್ತಿಗೆ, ಅವರದೇ ಕಟ್ಟಡದಲ್ಲಿ ದೇವರು ನಮಗೆ ಸಿಗುತ್ತಾನೆ. ಸಭೆಯಲ್ಲಿ ಹೆಚ್ಚಿನವರು ಉಡುಪಿ, ದಕ್ಷಿಣ ಕನ್ನಡದ ಕಡೆಯ ಪ್ರಾಟೆಸ್ಟಂಟರು. ಮನೆಯಲ್ಲಿ ತುಳು ಮಾತಾಡಿ ಚರ್ಚಿನಲ್ಲಿ ಕನ್ನಡ ಹಾಡುವ ಜನ. ಹುಬ್ಬಳ್ಳಿ, ಗದಗಿನ ಕೆಲವು ಮನೆಗಳೂ ಇವೆ. ಡೊಂಬಿವಲಿಯಿಂದ, ಠಾಣೆಯಿಂದ, ಸೀವುಡ್ಸ್‌ನಿಂದ ರೈಲು ಹತ್ತಿ ಬರುತ್ತಾರೆ. ರೈಲ್ವೆಯವರು ದುರಸ್ತಿಗೆಂದು ರೈಲು ನಿಲ್ಲಿಸುವ ಮೆಗಾಬ್ಲಾಕ್ ಇಡುವುದಕ್ಕೆ ಭಾನುವಾರವನ್ನೇ ಆರಿಸಿಕೊಂಡಿರುವುದರಿಂದ, ನಮ್ಮಲ್ಲಿ ಒಬ್ಬರ ಭಕ್ತಿಯನ್ನು ಅವರ ಹಾಜರಿಯಿಂದ ಅಳೆಯುವ ಪದ್ಧತಿಯಿಲ್ಲ. ಅಳೆದಿದ್ದರೆ ನಾನು ಸಂತನಾಗಿ ಎಂದೋ ಘೋಷಿತನಾಗುತ್ತಿದ್ದೆ. ನನ್ನ ಮನೆ ಚರ್ಚಿನಿಂದ ನಡೆದುಹೋಗುವಷ್ಟು ದೂರದಲ್ಲಿದೆ.

ಪ್ರಸಂಗಕ್ಕೂ ಕಾಣಿಕೆಗೂ ನಡುವೆ ನಮ್ಮಲ್ಲಿ ಅಸ್ವಸ್ಥರ ಪ್ರಾರ್ಥನೆ ಇರುತ್ತದೆ. ಪಾದ್ರಿ ಅಯ್ಯನವರು “ಹೆಸರುಗಳಿದ್ದರೆ ಹೇಳಬಹುದು” ಎನ್ನುತ್ತಾರೆ. ಮನೆಯಲ್ಲಿ ಕಾಯಿಲೆಯವರಿದ್ದರೆ ಎದ್ದು ನಿಂತು ಹೆಸರು ಹೇಳಬೇಕು. ಕಾಯಿಲೆ ಏನೆಂದು ಹೇಳಬೇಕಾಗಿಲ್ಲ. ಅದು ಆರಾಧನೆ ಮುಗಿದು ಗೇಟು ತಲುಪುವುದರೊಳಗೆ ತಾನಾಗಿಯೇ ಎಲ್ಲರಿಗೂ ತಿಳಿದಿರುತ್ತದೆ. ಹೀಗೆ ಒಮ್ಮೆ ಹೆಸರು ಬಂದರೆ ಸಭೆಯವರು ಆ ಮನೆಗೆ ಭೇಟಿ ಕೊಡಲೇಬೇಕು. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ, ಹಾಗಾಗಿ ಮುರಿಯುವ ಧೈರ್ಯವೂ ಯಾರಿಗೂ ಬಂದಿಲ್ಲ. ನಾಲ್ಕೈದು ಮಂದಿ ಬ್ರೆಡ್ಡು, ಮೋಸಂಬಿ ಹಿಡಿದುಕೊಂಡು ಹೋಗುತ್ತಾರೆ. ಒಂದು ಕೀರ್ತನೆಯ ಓದು, ಒಂದು ಹಾಡಿನ ಎರಡು ಚರಣ (ರೋಗಿ ಗಟ್ಟಿಯಿದ್ದರೆ ಮೂರು), ಪ್ರಾರ್ಥನೆ, ಚಹಾ. ಚಹಾ ಬೇಡವೆನ್ನಬೇಕು, ಆಮೇಲೆ ಕುಡಿಯಬೇಕು. ಕುಡಿಯದೆ ಎದ್ದರೆ ರೋಗ ಹತ್ತೀತೆಂದು ಹೆದರಿದಿರಿ ಎಂದು ಅರ್ಥ. ಪ್ರಾರ್ಥನೆಯಿಂದ ಹೆಸರು ಇಳಿಯುವುದಕ್ಕೆ ಎರಡೇ ದಾರಿ: ಗುಣವಾದವರ ಸ್ತೋತ್ರಕಾಣಿಕೆ, ಇಲ್ಲವೇ ಮಣ್ಣು.

ನನ್ನ ಹೆಂಡತಿಯ ಹೆಸರು ಎರಡನೆಯ ದಾರಿಯಲ್ಲಿ ಇಳಿಯಿತು. ಅದಕ್ಕೆ ಮುಂಚೆ ಒಂದು ವರ್ಷಕ್ಕೂ ಹೆಚ್ಚು ಕಾಲ, ವಾರ ತಪ್ಪದೆ ನಾನು ಎದ್ದು ನಿಂತು ಅವಳ ಹೆಸರು ಹೇಳಿದ್ದೆ. ಮಕ್ಕಳಿಲ್ಲದ ನಮ್ಮ ಮನೆಯಲ್ಲಿ ಆ ವರ್ಷ ಬಂದುಹೋದಷ್ಟು ಜನ ನಮ್ಮ ಮದುವೆಗೂ ಬಂದಿರಲಿಲ್ಲ. ಒಬ್ಬರು ಪ್ರತಿಸಲವೂ ಬರುತ್ತಿದ್ದರು. ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದ ಹಿರಿಯ ಹೆಂಗಸು. ಸಭೆಯಲ್ಲಿ ದೊಡ್ಡವರು ಚಿಕ್ಕವರು ಎನ್ನದೆ ಎಲ್ಲರೂ ಅವರನ್ನು ಬಾಯಮ್ಮ ಎನ್ನುತ್ತೇವೆ. ಉಳಿದವರು ಕಣ್ಣು ಮುಚ್ಚಿ ಪ್ರಾರ್ಥಿಸುವಾಗ ಬಾಯಮ್ಮ ಕಣ್ಣು ಬಿಟ್ಟುಕೊಂಡೇ ಹಾಸಿಗೆಯ ಚಾದರ ಎಳೆದು ನೇರ ಮಾಡುತ್ತಿದ್ದರು, ದಿಂಬು ತಿರುವುತ್ತಿದ್ದರು. “ದೇವರಿಗೆ ಕಿವಿ ಕೇಳ್ತದೆ, ನಾನು ಕೈ ಕಟ್ಟಿ ಕೂತ್ಕೊಳ್ಬೇಕು ಅಂತಿಲ್ಲ” ಎಂಬುದು ಅವರ ದೇವಶಾಸ್ತ್ರ.

ಮಣ್ಣಾದ ನಂತರದ ಮೊದಲ ಭಾನುವಾರ ನಾನು ಚರ್ಚಿಗೆ ಹೋದೆ. ಹೋಗಬೇಕಾಗಿರಲಿಲ್ಲ; ನಾಲ್ಕಾಯಿತು, ಕಾಲು ಹೋಯಿತು. ಅಯ್ಯನವರು “ಹೆಸರುಗಳಿದ್ದರೆ ಹೇಳಬಹುದು” ಎಂದರು. ನಾನು ಎದ್ದು ನಿಂತೆ.

ನಿಂತ ಮೇಲೆ ಗೊತ್ತಾಯಿತು, ಹೇಳುವುದಕ್ಕೆ ಹೆಸರಿಲ್ಲ.

ಇಡೀ ಸಭೆ ತಿರುಗಿ ನೋಡಿತು. ಹಾಗೆಯೇ ಕುಳಿತುಬಿಟ್ಟರೆ ಎಲ್ಲರೂ ನನ್ನನ್ನು ಕನಿಕರದಿಂದ ನೋಡುತ್ತಾರೆ, ಆ ಕನಿಕರ ಬಾಗಿಲವರೆಗೂ ನನ್ನ ಹಿಂದೆ ಬರುತ್ತದೆ ಎಂಬುದು ಗೊತ್ತಿತ್ತು. ಬರುವಾಗ ಸೇತುವೆಯ ಮೇಲಿಂದ ನಡೆದು ಬಂದಿದ್ದೆ. ಕೆಳಗೆ ನೀರು ಕಪ್ಪಗೆ, ಮೇಲೆ ನೊರೆ ಹೊದ್ದುಕೊಂಡು, ಹರಿಯಲೋ ಬೇಡವೋ ಎಂಬಂತೆ ಬಿದ್ದುಕೊಂಡಿತ್ತು. ಬಾಯಿಂದ ಬಂದದ್ದು ಅದೇ.

“ವಾಲಧುನಿ” ಎಂದೆ.

ಕಲ್ಯಾಣದಲ್ಲಿರುವವರಿಗೆಲ್ಲ ಆ ನದಿ ಗೊತ್ತು, ಕಣ್ಣಿಗಿಂತ ಮೊದಲು ಮೂಗಿಗೆ. ಅಯ್ಯನವರು ಗದಗಿನ ಕಡೆಯ ಚಿಕ್ಕ ವಯಸ್ಸಿನವರು, ಈ ಸಭೆಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ; ಅವರಿಗೂ ಗೊತ್ತಿತ್ತು. ಒಂದು ಗಳಿಗೆ ನನ್ನ ಮುಖ ನೋಡಿದರು. ನಕ್ಕಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ನಗಲಿಲ್ಲ. ಕಣ್ಣು ಮುಚ್ಚಿ, ನನ್ನ ಹೆಂಡತಿಗೆ ಹೇಳುತ್ತಿದ್ದ ಅದೇ ಮಾತುಗಳಲ್ಲಿ, ನೋವು ಕಡಿಮೆ ಮಾಡು, ಶಕ್ತಿ ಕೊಡು ಎಂದು ಪ್ರಾರ್ಥಿಸಿ, ಕೊನೆಗೆ ಎಂದಿನಂತೆ “ಆರೈಕೆ ಮಾಡುವವರಿಗೆ ತಾಳ್ಮೆ ಅನುಗ್ರಹಿಸು” ಎಂದರು. ಸಭೆ ಆಮೆನ್ ಎಂದಿತು. ಚುನಾವಣೆಯಿಲ್ಲದೆ, ಅರ್ಜಿಯಿಲ್ಲದೆ, ಸಂಬಳದ ಪ್ರಸ್ತಾಪವೂ ಇಲ್ಲದೆ ನಾನು ಒಂದು ನದಿಯ ಆರೈಕೆದಾರನಾಗಿ ನೇಮಕಗೊಂಡೆ.

ಮುಂದಿನ ಭಾನುವಾರ ಗೇಟಿನ ಬಳಿ ಒಬ್ಬರು ಕೇಳಿದರು, “ಹೇಗಿದೆ ಈಗ ನಿಮ್ಮ ಪೇಷಂಟು?” ತಮಾಷೆಗೇ ಕೇಳಿದ್ದು. ಆದರೆ ಕಾಯಿಲೆಯವರ ಮನೆಯವನು ‘ನೋಡಿಲ್ಲ’ ಎನ್ನುವಂತಿಲ್ಲ. ಆ ವಾರವೇ ಶನಿವಾರ ಬೆಳಿಗ್ಗೆ ಸೇತುವೆಯ ಪಕ್ಕದ ಮೆಟ್ಟಿಲಿಳಿದು ಹೋಗಿ ನೋಡಿದೆ. ಅದರ ಮುಂದಿನ ಶನಿವಾರ ಬರಿಗೈಯಲ್ಲಿ ನೋಡುತ್ತ ನಿಲ್ಲುವುದು ಸರಿಯೆನಿಸದೆ ಒಂದು ಗೋಣಿಚೀಲ ಒಯ್ದೆ. ಆಮೇಲೆ ರಬ್ಬರಿನ ಕೈಗವಸು, ತುದಿ ಬಾಗಿಸಿದ ಕಬ್ಬಿಣದ ಸರಳು. ಭಾನುವಾರ ಎದ್ದು ನಿಂತು ಹೆಸರು ಹೇಳುವ ಹಕ್ಕು ಬೇಕಾದರೆ ಶನಿವಾರ ಹೋಗಬೇಕು. ಇಷ್ಟೇ ನನ್ನ ಒಪ್ಪಂದ. ದಡದಲ್ಲಿ ಸಿಕ್ಕಿಕೊಂಡ ಪ್ಲಾಸ್ಟಿಕ್ಕನ್ನು ಎಳೆದು, ಚೀಲಕ್ಕೆ ತುಂಬಿ, ಮುನ್ಸಿಪಾಲಿಟಿಯ ಕಸದ ಗಾಡಿ ಗಂಟೆ ಬಾರಿಸಿಕೊಂಡು ಬರುವ ಹೊತ್ತಿಗೆ ಮೇಲೆ ಹೊತ್ತುಕೊಂಡು ಹೋಗುತ್ತಿದ್ದೆ. ನೀರಿನ ಬಣ್ಣದ ಬಗ್ಗೆ ನಾನು ಮಾಡುವಂಥದ್ದು ಏನೂ ಇರಲಿಲ್ಲ. ಒಂದು ವಾರ ಕಪ್ಪು, ಒಂದು ವಾರ ಇಟ್ಟಿಗೆಯ ಕೆಂಪು. ಯಾರು ಬಿಟ್ಟದ್ದು ಎಂಬುದಕ್ಕೆ ನನ್ನ ಹತ್ತಿರ ಸಾಕ್ಷಿಯಿಲ್ಲ, ಬಣ್ಣವಷ್ಟೇ ಇದೆ.

ಒಂದು ಸಲ ಸೇತುವೆಯ ಮೇಲೆ ಸ್ಕೂಟರು ನಿಲ್ಲಿಸಿದ ಗೃಹಸ್ಥರೊಬ್ಬರು ಪೂಜೆಯ ಹೂವನ್ನು ಪ್ಲಾಸ್ಟಿಕ್ ಚೀಲ ಸಮೇತ ನೀರಿಗೆ ಎಸೆದು, ಕೈಮುಗಿದು, ಕಣ್ಣು ಬಿಟ್ಟಾಗ ಕೆಳಗೆ ನಾನು ಕಂಡೆ.

“ಕಾಯ್ ಕಾಕಾ, ಕಾಯ್ ಶೋಧತಾಯ್?” ಏನು ಹುಡುಕುತ್ತಿದ್ದೀರಿ, ಏನಾದರೂ ಬಿದ್ದುಹೋಯಿತೇ ಎಂಬ ಕಾಳಜಿಯ ದನಿ.

“ನದಿ” ಎಂದೆ.

ಆತ ತಲೆದೂಗಿ ಸ್ಕೂಟರು ಹತ್ತಿದರು. ಅವರನ್ನು ದೂರುವ ನೈತಿಕ ಅಧಿಕಾರ ನಮಗೂ ಇಲ್ಲ. ಜನವರಿಯ ಮೊದಲ ಶನಿವಾರ ಅದೇ ಜಾಗದಲ್ಲಿ ಕ್ರಿಸ್ಮಸ್ಸಿಗೆ ಕಟ್ಟಿದ್ದ ಥರ್ಮಾಕೋಲಿನ ಒಂದು ಗೋದಲಿಯೂ, ಒಂದು ರೆಕ್ಕೆ ಮುರಿದ ದೇವದೂತನೂ ನನಗೆ ಸಿಕ್ಕಿದ್ದರು. ಆ ನೀರಿನಲ್ಲಿ ಮತಭೇದವೆಂಬುದು ಇರಲಿಲ್ಲ.

ಹೀಗೆ ತಿಂಗಳುಗಳು ಕಳೆದವು. ಬೇರೆ ಹೆಸರುಗಳು ಬಂದವು, ಹೋದವು. ಡೆಂಗಿಯಾದವರು ಎದ್ದರು, ಕಾಲು ಮುರಿದವರು ನಡೆದರು. ನನ್ನ ರೋಗಿ ಗುಣವಾಗುವುದೂ ಇಲ್ಲ, ಸಾಯುವುದೂ ಇಲ್ಲ. ನಾನು ಎದ್ದಾಗ ಹಿಂದಿನ ಬೆಂಚಿನಲ್ಲಿ ಒಂದು ಸಣ್ಣ ಕೆಮ್ಮು ಏಳತೊಡಗಿತು.

ಸಭೆಯ ಕಾರ್ಯದರ್ಶಿ ಒಬ್ಬ ಒಳ್ಳೆಯ ಮನುಷ್ಯ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವನು, ಮಹಾಪೆಯಲ್ಲಿ ಕೆಲಸ, ಸಾನಪಾಡಾದಲ್ಲಿ ಮನೆ. ಸಭೆಯ ಹಿರಿಯರೆಲ್ಲ ಕುಳಿತ ಒಂದು ಮೀಟಿಂಗಿನಲ್ಲಿ ಅವನೇ ಮಾತೆತ್ತಿದ.

“ಅಂಕಲ್, ತಪ್ಪು ತಿಳ್ಕೋಬೇಡಿ. ಇದು ಅಸ್ವಸ್ಥರ ಪ್ರಾರ್ಥನೆ. ಟೆಕ್ನಿಕಲಿ ನೋಡಿದ್ರೆ ನದಿ ಮೆಂಬರ್ ಅಲ್ಲ.”

“ಬ್ಯಾಪ್ಟಿಸಮ್ ಆಗಿಲ್ಲ, ಒಪ್ಪಿದೆ” ಎಂದೆ. “ಆದರೆ ಅದಕ್ಕೆ ನೀರಿನ ಕೊರತೆ ಕಾರಣವಲ್ಲ.”

ಮೂಲೆಯಲ್ಲಿ ಕುಳಿತಿದ್ದ ಬಾಯಮ್ಮ ಚೀಲದಿಂದ ಕನ್ನಡಕ ತೆಗೆದು ಮೂಗಿಗೇರಿಸಿಕೊಂಡರು. ಓದುವುದಕ್ಕೇನೂ ಇರಲಿಲ್ಲ, ಜಗಳಕ್ಕೆ ಮುಂಚೆ ಅವರು ಹಾಗೆ ಮಾಡುವುದು.

“ತೆಗೀಲಿಕ್ಕೆ ಅಡ್ಡಿಯಿಲ್ಲ. ಆದ್ರೆ ಒಂದು ಸಲವಾದ್ರೂ ಭೇಟಿ ಕೊಡದೆ ನಾವು ಯಾರ ಹೆಸರನ್ನೂ ತೆಗ್ದದ್ದಿಲ್ಲ ಮಾರಾಯ್ರೆ. ಇದೆಂತ ಹೊಸ ಕ್ರಮ? ಇಷ್ಟು ತಿಂಗಳು ಆಮೆನ್ ಹೇಳಿದ್ರಲ್ಲ, ಯಾರಾದ್ರೂ ಹೋಗಿ ನೋಡಿದ್ರಾ?”

ಕಾರ್ಯದರ್ಶಿ ಅಯ್ಯನವರ ಮುಖ ನೋಡಿದ. ಅಯ್ಯನವರು ಮೇಜಿನ ಮುಖ ನೋಡಿದರು. “ಬಾಯಮ್ಮ ಹೇಳೂದು ಖರೇ ಐತ್ರಿ” ಎಂದರು ಕೊನೆಗೆ. “ಬರೋ ಭಾನುವಾರ ಆರಾಧನಿ ಮುಗಿಸಿ ಎಲ್ಲಾರೂ ಹೋಗೂಣು. ಆಮ್ಯಾಲೆ ತೀರ್ಮಾನ.”

ನಾನು ಮನೆಗೆ ಬಂದು ಚಿಂತೆಗೆ ಬಿದ್ದೆ. ಭೇಟಿಯೆಂದರೆ ಚಹಾ. ಚಹಾ ಕೊಡಬೇಕಾದವರು ರೋಗಿಯ ಮನೆಯವರು. ದೊಡ್ಡ ಫ್ಲಾಸ್ಕು ಹೆಂಡತಿ ಎಲ್ಲಿ ಇಟ್ಟಿದ್ದಳೆಂದು ಹುಡುಕುವುದಕ್ಕೇ ಅರ್ಧ ದಿನ ಹಿಡಿಯಿತು. ಅವಳಿದ್ದಿದ್ದರೆ ಕೂತಲ್ಲಿಂದಲೇ ಹೇಳುತ್ತಿದ್ದಳು. ಅದು ಅಟ್ಟದಲ್ಲಿ, ಅವಳ ಕಾಯಿಲೆಯ ಕಾಲದ ಬಿಸಿನೀರಿನ ಚೀಲದ ಜೊತೆಗಿತ್ತು. ಖಾರಿ ಬಿಸ್ಕತ್ತು ತಂದೆ. ಸೇತುವೆಯ ಕೆಳಗೆ ಕೂರುವ ಜಾಗ ಗುಡಿಸಿ ಹಳೆಯ ಚಾಪೆ ಹಾಸುವುದೆಂದು ನಿಶ್ಚಯಿಸಿದೆ. ನೆಂಟರು ಬರುವ ಮನೆಯ ಗಡಿಬಿಡಿ ಬಹಳ ದಿನದ ಮೇಲೆ ನನ್ನನ್ನು ಹಿಡಿದಿತ್ತು. ಸುಳ್ಳೇಕೆ, ಹಿತವಾಗಿಯೇ ಇತ್ತು.

ಆ ಭಾನುವಾರ ಮೆಗಾಬ್ಲಾಕ್. ಆರಾಧನೆಗೇ ಅರ್ಧ ಸಭೆ ಬಂದಿರಲಿಲ್ಲ. ಬಂದವರಲ್ಲಿ ಅನೇಕರಿಗೆ ಹೊರಡುವ ಒಂದೇ ಲೋಕಲ್ಲು ತಪ್ಪುತ್ತದೆಂಬ ನ್ಯಾಯವಾದ ಭಯ. ಕಡೆಗೆ ಮೆಟ್ಟಿಲಿಳಿದವರು ಅಯ್ಯನವರು, ಬಾಯಮ್ಮ, ಕಾರ್ಯದರ್ಶಿ, ಅವನ ಕೈ ಹಿಡಿದ ಪುಟ್ಟ ಮಗಳು. ಬಾಯಮ್ಮ ಕ್ರಮ ತಪ್ಪಿಸದೆ ಬ್ರೆಡ್ಡನ್ನೂ ಮೋಸಂಬಿಯನ್ನೂ ತಂದು ನನ್ನ ಕೈಗೇ ಕೊಟ್ಟರು.

ಹುಡುಗಿ ನೊರೆಯನ್ನೇ ನೋಡುತ್ತ ನನ್ನನ್ನು ಕೇಳಿದಳು, “ಅಂಕಲ್, ನದೀ ಕೋ ಭೀ ಬುಖಾರ್ ಆತಾ ಹೈ ಕ್ಯಾ?” ನದಿಗೂ ಜ್ವರ ಬರುತ್ತದೆಯೇ ಎಂದು.

“ಕನ್ನಡದಲ್ಲಿ ಕೇಳು ಪುಟ್ಟಾ” ಎಂದ ಅವಳಪ್ಪ. ಉತ್ತರ ಹುಡುಕಲು ನಾವು ನಾಲ್ವರು ದೊಡ್ಡವರಿಗೆ ಅಷ್ಟರಮಟ್ಟಿಗೆ ಸಮಯ ಸಿಕ್ಕಿತು.

ಅಯ್ಯನವರು ಕೀರ್ತನೆ ಓದಿದರು. ನದಿಗಳು, ನೀರಿನ ಬುಗ್ಗೆಗಳು, ಬಾಯಾರಿದ ಜಿಂಕೆ, ಎಲ್ಲವೂ ನಮ್ಮ ಕೀರ್ತನೆಗಳಲ್ಲಿವೆ. ಓದುವ ಜಾಗ ಯಾವುದೆಂದು ಮೊದಲೇ ಯೋಚಿಸದಿದ್ದರೆ ಚೆಂದವಾಗಿಯೂ ಕೇಳುತ್ತವೆ. ಆ ದಿನ ಅಯ್ಯನವರ ದನಿ ‘ವಿಶ್ರಾಂತಿಕರವಾದ ನೀರುಗಳ ಬಳಿಗೆ’ ಎನ್ನುವಲ್ಲಿ ಸ್ವಲ್ಪ ಎಡವಿತು. ಹಾಡಿನ ಎರಡನೆಯ ಚರಣಕ್ಕೆ ಪಕ್ಕದ ರೈಲುಸೇತುವೆಯ ಮೇಲೆ ರೈಲು ಬಂತು. ನಾವು ಬಾಯಿ ಆಡಿಸಿದೆವು. ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚಿದರು, ಕಾರ್ಯದರ್ಶಿ ಮೂಗನ್ನೂ ಮುಚ್ಚಿಕೊಂಡ. ನಾನು ಒಂದು ಕಣ್ಣು ಬಿಟ್ಟು ನೋಡಿದೆ. ಬಾಯಮ್ಮ ಕೊಡೆಯ ಹಿಡಿಕೆಯಿಂದ ದಡದ ಬಳ್ಳಿಗೆ ಸಿಕ್ಕಿದ್ದ ಒಂದು ಪ್ಲಾಸ್ಟಿಕ್ ಹಾಳೆಯನ್ನು ಬಿಡಿಸುತ್ತಿದ್ದರು. ಎಳೆದು, ಕೊಡವಿ, ನಾಲ್ಕು ಮಡಿಕೆ ಮಾಡಿ ಕಲ್ಲಿನ ಮೇಲಿಟ್ಟರು. ನನಗೆ ಉಳಿದ ಪ್ರಾರ್ಥನೆ ಕೇಳಿಸಲಿಲ್ಲ.

ಆಮೇಲೆ ಚಹಾ. ನಾನು ಫ್ಲಾಸ್ಕಿನ ಮುಚ್ಚಳ ತೆಗೆದಾಗ ಮೂವರ ಮುಖದಲ್ಲೂ ಕಂಡದ್ದನ್ನು ಧರ್ಮಸಂಕಟ ಎಂದು ಕರೆಯಬಹುದು. ಆ ಪದ ಇಷ್ಟು ಸರಿಯಾಗಿ ಹೊಂದಿದ್ದನ್ನು ನಾನು ಮೊದಲು ಕಂಡಿರಲಿಲ್ಲ. ಆ ವಾಸನೆಯಲ್ಲಿ ಬಾಯಿಗೆ ಏನನ್ನೂ ಇಡುವಂತಿಲ್ಲ. ಕಾಯಿಲೆಯವರಲ್ಲಿಗೆ ಬಂದು ಕುಡಿಯದೆ ಏಳುವಂತೆಯೂ ಇಲ್ಲ.

“ಬೇಡ ಅಂಕಲ್, ಯಾಕೆ ತೊಂದ್ರೆ” ಎಂದ ಕಾರ್ಯದರ್ಶಿ. ಜೀವನದಲ್ಲಿ ಮೊದಲ ಸಲ ಅದನ್ನು ಮನಸ್ಸಿನಿಂದ ಹೇಳಿದ್ದ.

“ಕುಡೀರಿ, ಕುಡೀರಿ” ಎಂದರು ಬಾಯಮ್ಮ, ತಮ್ಮ ಕಪ್ಪಿಗೆ ಖಾರಿ ಅದ್ದುತ್ತ. “ನಾವು ಕುಡಿಯುವುದು ಚಹಾ. ಅದನ್ನಲ್ಲ.”

ಕಾರ್ಯದರ್ಶಿ ಔಷಧಿಯಂತೆ ಒಂದೇ ಗುಟುಕಿಗೆ ಎತ್ತಿದ. ಅಯ್ಯನವರು ನಿಧಾನವಾಗಿ, ಪೂರ್ತಿ ಕುಡಿದರು. ಅದಕ್ಕಾಗಿ ಅವರ ಮೇಲೆ ನನಗೆ ಇಂದಿಗೂ ಗೌರವವಿದೆ; ಮುಂದೆ ಅವರು ಮಾಡಿದ ತೀರ್ಮಾನವನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಮೆಟ್ಟಿಲು ಹತ್ತುವಾಗ ಅವರು ನನ್ನ ಜೊತೆ ಹಿಂದುಳಿದರು.

“ಹಿರಿಯರ, ಒಂದ್ ಮಾತ್ ಹೇಳ್ತೀನ್ರಿ, ಸಿಟ್ಟಾಗಬ್ಯಾಡ್ರಿ. ಜಡ್ಡಾದವ್ರಿಗೆ ನಾವು ಪ್ರಾರ್ಥನಾ ಮಾಡೂದು ಯಾಕ? ನಮ್ಮ ಕೈ ಮೀರೇತಿ, ಇನ್ನ ದೇವರ ಕೈಯಾಗೈತಿ ಅಂತ. ಇದು ನಮ್ಮ ಕೈ ಮೀರಿಲ್ರಿ. ಹೊಲಸು ಮಾಡಿದಾವ್ರು ನಾವು. ತೋಟಾ ಕಾಯಾಕ ಅಂತ ದೇವರು ಮೊದಲ ಮನಷ್ಯಾನ್ನ ಇಟ್ಟದ್ದು ಯಾಕ? ನಮ್ಮ ಕೆಲಸಾ ಎತ್ತಿ ದೇವರ ಮ್ಯಾಲೆ ಹಾಕಿ ಆಮೆನ್ ಅಂದ್ರ ಅದು ಪ್ರಾರ್ಥನಾ ಅಲ್ರಿ, ಜಾರಿಕೊಳ್ಳೂದು.”

ಮಾತು ಸರಿಯಾಗಿತ್ತು. ಅದೇ ಅದರ ತೊಂದರೆ. ನಾನು ಕೇಳಿದೆ, “ಹಾಗಾದರೆ ನಮ್ಮ ಕೆಲಸ ಯಾರು ಮಾಡುವುದು, ಅಯ್ಯನವರೇ?”

ಅವರು ಇನ್ನೆರಡು ಮೆಟ್ಟಿಲು ಹತ್ತಿದರು. “ಅದಕ್ಕೊಂದು ಸಮಿತಿ ಮಾಡೂಣ್ರಿ.”

ಸಮಿತಿ ಆಯಿತು. ಅಧ್ಯಕ್ಷ ನಾನು, ಸದಸ್ಯರ ಹುಡುಕಾಟ ಈಗಲೂ ನಡೆಯುತ್ತಿದೆ. ನದಿಯನ್ನು ಅಸ್ವಸ್ಥರ ಪ್ರಾರ್ಥನೆಯಿಂದ ತೆಗೆದು ಸಾಮಾನ್ಯ ಪ್ರಾರ್ಥನೆಗೆ ಸೇರಿಸಲಾಯಿತು. ಅದು ದೇಶವನ್ನು ಆಳುವವರು, ನ್ಯಾಯಾಧೀಶರು, ಪ್ರಯಾಣಿಕರು, ಮಳೆ ಬೆಳೆ ಇವೆಲ್ಲ ಬರುವ ದೊಡ್ಡ ಪ್ರಾರ್ಥನೆ. ಹಿರಿಯ ಸ್ಥಾನ. ಅಲ್ಲಿರುವವರಿಗಾಗಿ ಯಾರೂ ಎದ್ದು ನಿಲ್ಲಬೇಕಾಗಿಲ್ಲ, ಯಾರೂ ಅವರನ್ನು ನೋಡಲು ಹೋಗಬೇಕಾಗಿಯೂ ಇಲ್ಲ.

ಮುಂದಿನ ಭಾನುವಾರ ಅಯ್ಯನವರು “ಹೆಸರುಗಳಿದ್ದರೆ ಹೇಳಬಹುದು” ಎಂದರು. ಮೊಣಕಾಲು ಅಭ್ಯಾಸದಂತೆ ಒಂದಿಷ್ಟು ಎದ್ದಿತು. ಬೆಂಚಿನ ಅಂಚು ಹಿಡಿದು ಕೂರಿಸಿದೆ. ನನಗೆ ನದಿಯ ಚಿಂತೆಯೋ ನನ್ನ ಚಿಂತೆಯೋ ಎಂದು ಆಗ ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ. ಅವಳು ಹೋದ ಮೇಲೆ, ಎದ್ದು ನಿಂತು ನನ್ನವರು ಎಂದು ಹೇಳಿಕೊಳ್ಳುವುದಕ್ಕೆ ಉಳಿದದ್ದು ಆ ಒಂದೇ ಹೆಸರು. ಅದೂ ಬಡ್ತಿ ಪಡೆದು ಮೇಲೆ ಹೋಗಿತ್ತು.

ಆಗ ಹೆಂಗಸರ ಕಡೆಯಿಂದ ಬಾಯಮ್ಮ ಎದ್ದರು. ಹೆಸರು ಹೇಳಿದರು. ನನ್ನ ಹೆಸರು.

ನಾನು ಅವರತ್ತ ನೋಡಿದೆ. ಅವರು ನೇರವಾಗಿ ಮುಂದೆ ನೋಡುತ್ತಿದ್ದರು. ಗೇಟಿನ ಹತ್ತಿರ ಹಿಡಿದು ಕೇಳಿದೆ, “ನನಗೆಂತ ಆಗಿದೆ ಬಾಯಮ್ಮ? ಬಿಪಿ ಕೂಡ ಇಲ್ಲ.”

“ಕಾಯಿಲೆ ಹೇಳುವ ಕ್ರಮ ಇಲ್ಲ ನಮ್ಮಲ್ಲಿ” ಎಂದು ಕೊಡೆ ಬಿಚ್ಚಿ ನಡೆದರು. ಮಳೆ ಇರಲಿಲ್ಲ, ಬಿಸಿಲೂ ಇರಲಿಲ್ಲ.

ಅದರಾಚೆಯ ಭಾನುವಾರ ಭೇಟಿಗೆ ಬಂದರು. ಅದೇ ಮೂವರು. ನನ್ನನ್ನು ನನ್ನದೇ ಮಂಚದ ಮೇಲೆ ಕೂರಿಸಿ, ಅವರು ಕುರ್ಚಿಗಳಲ್ಲಿ ಕೂತರು. ಆರೋಗ್ಯವಾಗಿರುವವನು ರೋಗಿಯ ಜಾಗದಲ್ಲಿ ಕೂತು ತನಗಾಗಿ ಹಾಡು ಕೇಳಿಸಿಕೊಳ್ಳುವುದು ಸುಲಭವಲ್ಲ. ಕೈ ಎಲ್ಲಿಡಬೇಕೆಂದು ತಿಳಿಯುವುದಿಲ್ಲ. ಅವರು ಮೂರು ಚರಣ ಹಾಡಿದರು. ಪ್ರಾರ್ಥನೆಯಲ್ಲಿ ಅಯ್ಯನವರು ಎಂದಿನ ಹಳಿಯ ಮೇಲೆ ಬರುತ್ತ ಬರುತ್ತ, “ಇವರ ಆರೈಕೆ ಮಾಡುವವರಿಗೆ…” ಎಂದು ನಿಂತುಬಿಟ್ಟರು. ಕಣ್ಣು ತೆರೆದೆ. ಅವರೂ ತೆರೆದಿದ್ದರು. ಗೋಡೆ, ಗಡಿಯಾರ, ಮುಚ್ಚಿದ ಅಡುಗೆಮನೆಯ ಬಾಗಿಲು. ಬಾಯಮ್ಮ ಮಾತ್ರ ಕೇಳಿಸದವರಂತೆ ನನ್ನ ಮಂಚದ ಚಾದರದ ತುದಿಯನ್ನು ಹಾಸಿಗೆಯಡಿಗೆ ಸೇರಿಸುತ್ತಿದ್ದರು. ಅಯ್ಯನವರು ಆ ವಾಕ್ಯವನ್ನು ಹಾಗೆಯೇ ಬಿಟ್ಟು ಆಮೆನ್ ಎಂದರು.

ಚಹಾ ನಾನೇ ಮಾಡಿದೆ. ಈ ಸಲ ಯಾರೂ ಬೇಡವೆನ್ನಲಿಲ್ಲ.

ಹೊರಡುವಾಗ ಕಾರ್ಯದರ್ಶಿ ಬಾಗಿಲಲ್ಲಿ ನಿಂತ. “ಅಂಕಲ್, ಏನಾದ್ರೂ ಬೇಕಿದ್ರೆ ಸಂಕೋಚ ಬೇಡ. ನಿಜವಾಗ್ಲೂ.”

ನಿಜವಾಗಿಯೇ ಹೇಳಿದ್ದ. ಅದಕ್ಕೇ ನಾನೂ ನಿಜ ಹೇಳಿದೆ. “ಶನಿವಾರ ಬೆಳಿಗ್ಗೆ ನಿನ್ನ ಒಂದು ಗಂಟೆ ಹೊತ್ತು.”

ಅವನಿಗೆ ಅರ್ಥವಾಯಿತು. ಮೊಬೈಲು ತೆಗೆದು ನೋಡಿದ. “ಈ ಶನಿವಾರ ಸ್ವಲ್ಪ ಕಷ್ಟ ಅಂಕಲ್, ಮಗಳ ಕ್ಲಾಸಿದೆ. ಆದ್ರೂ ನೋಡ್ತೀನಿ.”

ಬಾಯಮ್ಮ ಅಷ್ಟರಲ್ಲಿ ಮೆಟ್ಟಿಲಿಳಿಯುತ್ತಿದ್ದರು, ಗೋಡೆ ಹಿಡಿದುಕೊಂಡು. “ನನ್ನನ್ನು ಕೇಳಬೇಡಿ” ಎಂದರು ತಿರುಗದೆಯೇ. “ಸೇತುವೆಯ ಮೆಟ್ಟಿಲು ಇನ್ನೊಮ್ಮೆ ಇಳಿದ್ರೆ ಹತ್ತಿಸ್ಲಿಕ್ಕೆ ನಿಮ್ಮ ಸಮಿತಿಯೇ ಬೇಕು. ಹೋಗಿ ಬಂದು ಫೋನ್ ಮಾಡಿ. ಹೇಗಿದೆ ಅಂತ ಹೇಳಿ.”

ಆ ಶನಿವಾರ ಹೋದೆ. ನೀರು ಹಸಿರಿಗೆ ತಿರುಗಿತ್ತು, ಒಳ್ಳೆಯ ಹಸಿರಲ್ಲ. ಕಾರ್ಯದರ್ಶಿ ಬರಲಿಲ್ಲ. ಬರುತ್ತಾನೆಂದು ನಾನು ಎಣಿಸಿಯೂ ಇರಲಿಲ್ಲ. ಚೀಲದಲ್ಲಿ ಇನ್ನೊಂದು ಜೊತೆ ಕೈಗವಸು ಇತ್ತು ನಿಜ. ಅದಕ್ಕೆ ನಿರೀಕ್ಷೆ ಎಂಬ ದೊಡ್ಡ ಹೆಸರು ಬೇಕಾಗಿಲ್ಲ. ಗೋಣಿಚೀಲ ಅರ್ಧ ತುಂಬುವಾಗ ಮೇಲೆ ಕಸದ ಗಾಡಿಯ ಗಂಟೆ ಕೇಳಿಸಿತು. ಒಂದೇ ಕೈಯಲ್ಲಿ ಎತ್ತಿ ನೋಡಿದೆ, ಆಗಲಿಲ್ಲ. ಎರಡೂ ಕೈಯಲ್ಲಿ ಹಿಡಿದು, ಒಂದೊಂದೇ ಮೆಟ್ಟಿಲಿಗೆ ಇಟ್ಟು, ಉಸಿರು ತೆಗೆದುಕೊಂಡು, ಮೇಲೆ ತಂದೆ. ಗಾಡಿ ಹೊರಟುಹೋಗಿತ್ತು. ಚೀಲದ ಪಕ್ಕ ಫುಟ್‌ಪಾತಿನ ಮೇಲೆ ಕುಳಿತು ಬಾಯಮ್ಮನಿಗೆ ಫೋನ್ ಮಾಡಿದೆ.

“ಇನಿ ಎಂಚ ಉಂಡು?” ಇವತ್ತು ಹೇಗಿದೆ, ಎಂದರು ತುಳುವಿನಲ್ಲಿ, ಹಲೋ ಎನ್ನುವ ಮೊದಲೇ.

ನಾನು ಸೇತುವೆಯ ಕಂಬಿಯ ಸಂದಿನಿಂದ ಇಣುಕಿ ನೋಡಿದೆ. ನೋಡದೆ ಹೇಳುವುದು ಸರಿಯಲ್ಲ.

“ಹಾಗೆಯೇ ಇದೆ” ಎಂದೆ.

“ಮತ್ತೆ ನೀವು?”

ಪಕ್ಕದ ರೈಲುಸೇತುವೆಯ ಮೇಲೆ ರೈಲು ಬಂತು. ಅದು ದಾಟುವವರೆಗೆ ಇಬ್ಬರೂ ಫೋನು ಹಿಡಿದುಕೊಂಡೇ ಇದ್ದೆವು.